ಮುಂದಿನ ನೀರಿಗೆ ಬರ್ತೇನಿ

ಮೊನ್ನೆ ಬೆಳಗ್ಗೆ ಅಡುಗೆಮನೆಯ ನಳ ತಿರುವಿದೆ. ರಿಪೇರಿಯೆಂದು ನಿಂತುಹೋಗಿದ್ದ ನೀರು ಮೊದಲು ಕೆಮ್ಮಿತು, ಆಮೇಲೆ ಕೆಂಪಗೆ ಉಗುಳಿತು, ಕೊನೆಗೆ ತಿಳಿಯಾಗಿ ಬಂತು. ಅದರ ಜೊತೆಗೆ ಬ್ಲೀಚಿಂಗ್ ಪೌಡರಿನ ಘಾಟು. ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಪಾತ್ರೆಯನ್ನು ಹಾಗೇ ಹಿಡಿದು ನಿಂತುಬಿಟ್ಟೆ. ಮಲ್ಲಿಗೆಯ ವಾಸನೆಗೋ ಮೊದಲ ಮಳೆಯ ವಾಸನೆಗೋ ಹಳಬರು ನೆನಪಾಗುತ್ತಾರೆಂದು ಜನ ಹೇಳುತ್ತಾರೆ. ನನಗೆ ನಮ್ಮ ಅಕ್ಕೋರು ನೆನಪಾಗುವುದು ಈ ಔಷಧದ ವಾಸನೆಗೆ...

ಅಕ್ಕೋರು ಎಂದರೆ ಧಾರವಾಡದ ನಮ್ಮ ಚರ್ಚಿನ ಸಂಡೇ ಸ್ಕೂಲ್ ಟೀಚರು. ಕಲಿಸುವ ಹೆಂಗಸರನ್ನು ನಮ್ಮ ಕಡೆ ಹಾಗೇ ಕರೆಯುವುದು. ಗಿಡ್ಡನೆಯ ಹೆಂಗಸು, ಚುರುಕು ನಡಿಗೆ, ಬಿಸಿಲಿರಲಿ ಮಳೆಯಿರಲಿ ಬಗಲಲ್ಲಿ ಕೊಡೆ. ಹಾಡುವಾಗ ಅವರ ಸ್ವರ ತಪ್ಪುತ್ತಿತ್ತು, ಧೈರ್ಯ ಮಾತ್ರ ತಪ್ಪುತ್ತಿರಲಿಲ್ಲ. ಅವರ ಕೈಕೆಳಗೆ ಬೆಳೆದ ನಾವೆಲ್ಲ ದೊಡ್ಡವರಾಗಿ ಯುವಜನ ಸಂಘ ಕಟ್ಟಿಕೊಂಡ ಮೇಲೂ ಅವರು ನಮ್ಮನ್ನು ಬಿಡಲಿಲ್ಲ, ನಾವೂ ಅವರನ್ನು ಬಿಡಲಿಲ್ಲ. ಸಂಘಕ್ಕೆ ನಾನು ಕಾರ್ಯದರ್ಶಿ. ಅಂದರೆ ಅಕ್ಕೋರು ಹೇಳಿದ್ದನ್ನು ನಾನು ಹೇಳಿದಂತೆ ಹೇಳುವುದು ನನ್ನ ಕೆಲಸ.

ಪ್ರತಿ ಬೇಸಿಗೆ ರಜೆಯಲ್ಲಿ ನಮ್ಮ ಸಂಘದ್ದು ಒಂದು ಸೇವಾ ವಾರ ಇರುತ್ತಿತ್ತು. ಊರು ಬಿಟ್ಟು ಹೋಗಿ, ವಾರವಿಡೀ ಅಲ್ಲೇ ಉಳಿದು, ಜನರಿಗೆ ಕೈಲಾದ ಕೆಲಸ ಮಾಡಿಕೊಟ್ಟು ಬರುವುದು. ಯಾವಾಗಲೂ ಹಳ್ಳಿಗಳಿಗೇ ಹೋಗುತ್ತಿದ್ದೆವು. ಆ ವರ್ಷದ ಮೊದಲ ಸಭೆಯಲ್ಲೇ ಅಕ್ಕೋರು, ಈ ಸಲ ಹುಬ್ಬಳ್ಳಿ, ಗೋಕುಲ ರಸ್ತೆಯ ಹಿಂದಿನ ಓಣಿಗಳು ಎಂದರು. ಎಲ್ಲರೂ ನಕ್ಕರು. ಧಾರವಾಡದವರಿಗೆ ಹುಬ್ಬಳ್ಳಿ ಎಂದರೆ ಸಾಮಾನು ಖರೀದಿಸಿ ಸಂಜೆಯೊಳಗೆ ಮನೆ ಸೇರುವ ಊರು. ಅಲ್ಲಿಗೆ ಹಾಸಿಗೆ ಸುತ್ತಿಕೊಂಡು ಹೋಗುವುದೆಂದರೆ!

ಸಭೆಯ ಹಿರಿಯರೊಬ್ಬರು ಕೇಳಿಯೇ ಬಿಟ್ಟರು: “ಧಾರವಾಡದಾಗ ಬಡವರು ತೀರಿ ಹೋಗ್ಯಾರೇನ್ರಿ ಅಕ್ಕೋರ? ಇಲ್ಲೇ ಬಾಜೂಕ ಲಕಮನಹಳ್ಳಿ ಐತಲ್ಲ, ಸಂಜಿಗೆ ಮನಿಗೆ ಬಂದು ಉಂಡು ಮಲಗಬಹುದು.”

“ಸಂಜಿಗೆ ಮನಿಗೆ ಬಂದು ಮಲಗಾವ್ರು ಸೇವಾ ಮಾಡಂಗಿಲ್ರಿ, ಹಾಜರಿ ಹಾಕ್ತಾರ,” ಎಂದರು ಅಕ್ಕೋರು.

ಆ ಸಭೆಯಲ್ಲಿ ನಗದೆ ಕೂತವರು ಒಬ್ಬರೇ, ಅಕ್ಕೋರ ಯಜಮಾನರು. ಚರ್ಚಿನ ಕಮಿಟಿಯಲ್ಲಿ ಅವರ ಮಾತಿಗೆ ಎದುರು ಮಾತಿರಲಿಲ್ಲ. ಅಂದು ಮಾತ್ರ ಅವರು ಮೇಲಿನ ಫ್ಯಾನನ್ನೇ ನೋಡುತ್ತ ಕೂತಿದ್ದರು. ಬೇಡ ಎನ್ನಲಿಲ್ಲ.

ಸಭೆ ಮುಗಿದ ಮೇಲೆ ಬಸ್‌ಸ್ಟ್ಯಾಂಡಿನ ಕಡೆ ನಡೆಯುತ್ತ ಅಕ್ಕೋರು ನನಗೊಬ್ಬಳಿಗೇ ನಿಜ ಹೇಳಿದರು. ಅವರ ಒಬ್ಬಳೇ ಮಗಳು ಆ ಓಣಿಯಲ್ಲೇ ಇದ್ದಳು. ಗೋಕುಲ ರಸ್ತೆಯ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್ ಆಗಿದ್ದ ಮುಸ್ಲಿಂ ಹುಡುಗನನ್ನು ಅವಳು ಮದುವೆಯಾಗಿದ್ದು ನಮಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ, ಅಷ್ಟೇ. ಗೊತ್ತಿಲ್ಲದ ಸಂಗತಿ ಇನ್ನೊಂದಿತ್ತು. ಅವಳು ಮನೆ ಬಿಟ್ಟ ದಿನ ಯಜಮಾನರು ಹೆಂಡತಿಯ ಕೈಯನ್ನು ಬೈಬಲ್ಲಿನ ಮೇಲೆ ಇಡಿಸಿ ಮಾತು ತೆಗೆದುಕೊಂಡಿದ್ದರು, ಮಗಳ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು. ಆಣೆ ಇಡಬಾರದು ಮಕ್ಕಳೇ ಎಂದು ನಮಗೆ ವರ್ಷವರ್ಷವೂ ಕಲಿಸಿದವರೇ ಆಣೆ ಇಟ್ಟಿದ್ದರು, ಮತ್ತು ಅದನ್ನು ಮುರಿಯಲಾರದೆ ಒಣಗುತ್ತಿದ್ದರು. ಫೋನು ಮಾಡಿದರೆ ತಾಯಿ ಮಗಳು ಇಬ್ಬರೂ ಅತ್ತು, ಏನೂ ಮಾತಾಡದೆ ಇಟ್ಟುಬಿಡುತ್ತಿದ್ದರಂತೆ. ಬರಬರುತ್ತ ಅದೂ ನಿಂತಿತ್ತು.

“ಹೊಸ್ತಿಲಾ ತುಳಿಯೂದಿಲ್ಲ ಅಂತ ಮಾತ್ ಕೊಟ್ಟೇನಿ, ತಂಗಿ. ಓಣ್ಯಾಗ ನಿಂದ್ರೂದಿಲ್ಲ ಅಂತ ಕೊಟ್ಟಿಲ್ಲ,” ಎಂದರು. ಹೇಳಿ ನಕ್ಕರು. ಕಣ್ಣು ಮಾತ್ರ ತುಂಬಿತ್ತು.

ಆಮೇಲಿನ ದಿನಗಳಲ್ಲಿ ಅಕ್ಕೋರು ಆ ವಾರವನ್ನು ಹೊಂದಿಸಿದ ಪರಿಯನ್ನು ನೋಡಬೇಕಿತ್ತು. ಹುಡುಗಿಯರಿಗೆ ಹುಬ್ಬಳ್ಳಿಯ ಚರ್ಚಿನ ಹಾಲ್, ಹುಡುಗರಿಗೆ ರಜೆಯಲ್ಲಿ ಖಾಲಿ ಬಿದ್ದಿದ್ದ ಒಂದು ಸಾಲೆಯ ಕೋಣೆ. ಅಮರಗೋಳದ ಮಾರುಕಟ್ಟೆಗೆ ನನ್ನನ್ನೂ ಎಳೆದುಕೊಂಡು ಹೋಗಿ, ವ್ಯಾಪಾರಿಗಳ ಹತ್ತಿರ ಉಳ್ಳಾಗಡ್ಡಿ ಬಟಾಟೆಯ ಚೀಲಗಳನ್ನು ದಾನವಾಗಿ ಗಿಟ್ಟಿಸಿದರು. ಅಂಗನವಾಡಿಗೆ ಸುಣ್ಣ ಬಳಿಯುವುದು, ಗಟಾರ ತೆಗೆಯುವುದು, ಮಕ್ಕಳಿಗೆ ಪಾಠ ಹೇಳುವುದು ಎಲ್ಲ ನಿಗದಿಯಾಯಿತು. ಯಾವ ವಾರ ಎಂಬುದನ್ನು ಮಾತ್ರ ಅವರು ಯಾರ ಕೈಗೂ ಬಿಟ್ಟುಕೊಡಲಿಲ್ಲ. ಆ ಓಣಿಯಲ್ಲಿ ನಳಕ್ಕೆ ನೀರು ಬಿಡುವವನನ್ನು ಹುಡುಕಿ ಹೋಗಿ, ಚಹಾ ಕುಡಿಸಿ, ಪಾಳಿ ಯಾವತ್ತು ಬರುತ್ತದೆ ಎಂದು ಕೇಳಿಕೊಂಡು ಬಂದರು. ನೀರು ಬರುವ ದಿನ ಆ ವಾರದ ನಟ್ಟನಡುವೆ ಬರಬೇಕು ಎಂದು ಹಟ ಹಿಡಿದರು.

ನಮ್ಮ ಅವಳಿ ಊರಿನ ಹೊರಗಿನವರಿಗೆ ಇದು ತಿಳಿಯುವುದು ಕಷ್ಟ. ಆಗೆಲ್ಲ ಬಹಳ ಓಣಿಗಳಿಗೆ ವಾರ ಹತ್ತು ದಿನಕ್ಕೊಮ್ಮೆ ನೀರು. ಇಲ್ಲಿ ಮದುವೆಯ ಮುಹೂರ್ತ ಬೇಕಾದರೂ ಮುಂದೂಡುತ್ತಾರೆ, ನೀರು ಬರುವ ದಿನ ಮನೆ ಬಿಡುವುದಿಲ್ಲ. ಅಕ್ಕೋರ ಮಗಳು ಗೋಕುಲ ರಸ್ತೆಯ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಹೋಗುತ್ತಿದ್ದಳು, ಎಷ್ಟೋ ಸಲ ಭಾನುವಾರವೂ. ರಜೆ ಹಾಕುತ್ತಿದ್ದುದು ನೀರು ಬಂದ ದಿನ ಮಾತ್ರ ಎಂದು ಅಕ್ಕೋರಿಗೆ ಓಣಿಯವರಿಂದ ತಿಳಿದಿತ್ತು. ಅಂದರೆ ಅವಳು ಖಂಡಿತ ಮನೆಯಲ್ಲಿರುವ, ಕೊಡ ಹಿಡಿದು ಹೊರಗೆ ಬರುವ ದಿನ ಅದೊಂದೇ. ಸಂಘದ ಹುಡುಗರು, ನೀರು ಬಂದ ದಿನ ನಮ್ಮನ್ನು ಯಾರು ಕೇಳುತ್ತಾರೆ ಎಂದು ಗೊಣಗಿದರು. “ಕೇಳೂದು ಬ್ಯಾಡ, ನೀವ ಕೊಡ ಹೊರ್ರಿ. ಅದೂ ಸೇವಾನ,” ಎಂದು ಅವರ ಬಾಯಿ ಮುಚ್ಚಿಸಿದರು.

ಆ ದಿನ ಬಂತು. ಬೆಳಗಿನಲ್ಲೇ ನೀರೂ ಬಂದವು. ನಾವು ಓಣಿಯ ತುಂಬ ಹರಡಿಕೊಂಡು ಮುದುಕರಿದ್ದ ಮನೆಗಳಿಗೆ, ಬಸುರಿಯರಿದ್ದ ಮನೆಗಳಿಗೆ ಕೊಡ ಹೊರುತ್ತಿದ್ದೆವು. ಅಕ್ಕೋರು ಸೀದಾ ಮಗಳ ಮನೆಯ ಮುಂದೆ, ನೆಲದೊಳಗೆ ನಳ ಕೂರಿಸಿದ್ದ ಗುಂಡಿಯ ಹತ್ತಿರ ಹೋಗಿ ನಿಂತರು. ಮಗಳು ಖಾಲಿ ಕೊಡ ಹಿಡಿದು ಬಾಗಿಲಿಗೆ ಬಂದವಳು ತಾಯಿಯನ್ನು ಕಂಡಳು, ಕೊಡವನ್ನು ಹೊಸ್ತಿಲ ಮೇಲಿಟ್ಟಳು, ಒಳಗೆ ಸರಿದು ಗೋಡೆಯ ಮರೆಗೆ ನಿಂತುಬಿಟ್ಟಳು. ಇಷ್ಟೆಲ್ಲ ಮಾಡಿದ್ದು ಇದಕ್ಕೇನು?

ಅಕ್ಕೋರು ಸೆರಗು ಸಿಕ್ಕಿಸಿಕೊಂಡು ಆ ಕೊಡ ತೆಗೆದುಕೊಂಡು ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತರು. ತುಂಬಿದ ಕೊಡವನ್ನು ತಂದು ಹೊಸ್ತಿಲ ಮೇಲಿಟ್ಟು ಹಿಂದೆ ಸರಿದರು. ಸ್ವಲ್ಪ ಹೊತ್ತು ಕೊಡ ಹಾಗೇ ಇತ್ತು. ಆಮೇಲೆ ಒಳಗಿನಿಂದ ಎರಡು ಕೈ ಬಂದು ಅದನ್ನು ಎತ್ತಿಕೊಂಡವು. ಒಳಗೆ ಬ್ಯಾರಲ್ಲಿಗೆ ನೀರು ಸುರಿದ ಸದ್ದು ಕೇಳಿಸಿತು. ಖಾಲಿ ಕೊಡ ಮತ್ತೆ ಹೊಸ್ತಿಲಿಗೆ ಬಂತು.

ಹಾಗೆ ನಡೆಯಿತು ಬಹಳ ಹೊತ್ತು. ತಾಯಿ ತುಂಬಿ ಇಡುವುದು, ಮಗಳು ಎತ್ತಿ ಸುರಿಯುವುದು. ನಾನು ಸಹಾಯಕ್ಕೆ ಹೋದರೆ ಅಕ್ಕೋರು ಕಣ್ಣಲ್ಲೇ ದೂರ ಕಳಿಸಿದರು. ಒಮ್ಮೆ ಮಗಳ ಕೈ ಜಾರಿ ನೀರು ತುಳುಕಿದಾಗ ಅವರ ಬಾಯಿಂದ ತಾನಾಗಿ ಬಂತು: “ಸಾವಕಾಶ, ಚೆಲ್ತಾವ...” ಒಳಗೆ ಅವಳು ಬಿಕ್ಕಿದ್ದು ನಮಗೆಲ್ಲ ಕೇಳಿಸಿತು. ನೀರಿನ ರಭಸ ಕಡಿಮೆಯಾಗುವ ಹೊತ್ತಿಗೆ ಅಳಿಯ ಒಂದು ಕುರ್ಚಿ ತಂದು ಹೊಸ್ತಿಲ ಈಚೆಗೆ, ಓಣಿಯಲ್ಲಿ ಹಾಕಿದ. ಆಣೆಯ ಸಂಗತಿ ಅವನಿಗೆ ಹೆಂಡತಿ ಹೇಳಿದ್ದಿರಬೇಕು.

“ಕುಂದರ್ರಿ ಅಮ್ಮಾ. ಭಾಳ ತೊಯ್ದೀರಿ,” ಎಂದ.

ಮಗಳು ಚಹಾದ ಕಪ್ಪು ಹಿಡಿದು ಹೊಸ್ತಿಲಿನ ಆಚೆ ನಿಂತಳು. ಅಕ್ಕೋರು ಈಚೆ ಕೂತು ಕುಡಿದರು. “ಒಳಗ ಬಾ ಅವ್ವಾ,” ಎಂದಳು ಮಗಳು, ಒಂದೇ ಮಾತು. ಅಕ್ಕೋರು ಅವಳ ಒದ್ದೆ ಕೈ ಹಿಡಿದುಕೊಂಡರು. “ಇವತ್ತ ಬ್ಯಾಡ. ನಿಮ್ಮಪ್ಪನ್ನ ಕೇಳ್ತೇನಿ. ಇನ್ನ ಅಂಜಂಗಿಲ್ಲ, ಕೇಳ್ತೇನಿ. ಮುಂದಿನ ನೀರಿಗೆ ಬರ್ತೇನಿ, ಖರೇ.”

ವ್ಯಾನಿನಲ್ಲಿ ಹಾಲ್‌ಗೆ ಮರಳುವಾಗ ನಾನು ಅವರ ಪಕ್ಕ ಕೂತಿದ್ದೆ. ಸೀರೆಯೆಲ್ಲ ತೊಯ್ದು ಬ್ಲೀಚಿಂಗಿನ ವಾಸನೆ ಹೊಡೆಯುತ್ತಿತ್ತು. ಅವರು ಕಿಟಕಿಯ ಕಡೆ ಮುಖ ಮಾಡಿ, ಯಾವಾಗಿನ ಹಾಗೆ ಸ್ವರ ತಪ್ಪಿ, ಏನನ್ನೋ ಗುನುಗುತ್ತಿದ್ದರು.

ಮುಂದಿನ ಭಾನುವಾರ ಆರಾಧನೆ ಮುಗಿದದ್ದೇ ಅವರು ನನ್ನನ್ನು ಅಂಗಳದ ಮೂಲೆಗೆ ಕರೆದರು. ಯಜಮಾನರನ್ನು ಕೇಳಿದ್ದರು. ಅವರು ಊಟ ಮುಗಿಸಿ, ಕೈ ತೊಳೆದು ಬಂದು, “ಹೋಗು. ನಾ ಬರಂಗಿಲ್ಲ, ನೀ ಹೋಗು” ಎಂದಿದ್ದರಂತೆ. ಅದನ್ನು ಹೇಳುವಾಗ ಅಕ್ಕೋರ ಮುಖ ನೋಡಬೇಕಿತ್ತು, ಮದುವೆ ಗೊತ್ತಾದ ಹುಡುಗಿಯ ಮುಖ.

“ಹಂಗಾರ ನಾಳೀನ ಹೋಗ್ರಿ ಅಕ್ಕೋರ,” ಎಂದೆ.

“ನಾಳೆ ಅಕಿ ಕೆಲಸಕ್ಕ ಹೋಗಿರ್ತಾಳಲ್ಲ. ನೀರಿಗೆ ಬರ್ತೇನಿ ಅಂದೇನಿ, ನೀರಿಗೇ ಹೋಗ್ತೇನಿ. ಇಷ್ಟ್ ವರ್ಷ ಕಾದೇನಿ, ಒಂದ್ ಪಾಳಿ ಕಾಯಾಕ ಏನು?”

ಪಾಳಿಯ ದಿನಕ್ಕೆ ಶೇಂಗಾ ಹೋಳಿಗೆ ಮಾಡಿದರು, ಮಗಳಿಗೆ ಬಹಳ ಸೇರುತ್ತಿತ್ತಂತೆ. ಆದರೆ ಎಲ್ಲೋ ದೊಡ್ಡ ಪೈಪು ಒಡೆದು ಹುಬ್ಬಳ್ಳಿಯ ಆ ಭಾಗಕ್ಕೆ ನೀರು ಬರಲಿಲ್ಲ. ಇವತ್ತು ಬರುತ್ತವೆ, ನಾಳೆ ಬರುತ್ತವೆ ಎಂಬ ಮಾತೇ ಓಡಾಡುತ್ತಿತ್ತು. ಆ ಹೋಳಿಗೆಯನ್ನು ಅವರು ಸಂಘದ ಸಭೆಗೆ ತಂದು ನಮಗೆ ಹಂಚಿದರು. ಅವಳಿಗೆ ಮತ್ತೆ ಬಿಸಿಯಾಗಿ ಮಾಡುತ್ತೇನೆ ಎಂದರು. ನಾವು ತುಪ್ಪ ಬೇಕಿತ್ತು ಎಂದು ಚೇಷ್ಟೆ ಮಾಡುತ್ತ ಎಲ್ಲವನ್ನೂ ತಿಂದೆವು... ಮತ್ತೊಮ್ಮೆ ಮಾಡಿದರು. ಮತ್ತೂ ನೀರು ಬರಲಿಲ್ಲ.

ಒಂದು ಬೆಳಗ್ಗೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದವರು ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಮಣ್ಣಿಗೆ ಮಗಳು ಬಂದಿದ್ದಳು, ಗಂಡನ ಜೊತೆ. ಸ್ಮಶಾನದ ಗೇಟಿನ ಹೊರಗೇ ನಿಂತಿದ್ದಳು. ಯಜಮಾನರು ತಾವೇ ನಡೆದು ಹೋಗಿ ಅವಳ ಕೈ ಹಿಡಿದು ಒಳಗೆ ಕರೆತಂದರು. ಇಬ್ಬರೂ ಒಟ್ಟಿಗೆ ಮೊದಲ ಹಿಡಿ ಮಣ್ಣು ಹಾಕಿದರು. ನೋಡಿದವರು, ಸದ್ಯ ತಂದೆ ಮಗಳು ಒಂದಾದರಲ್ಲ ಎಂದರು. ನನಗೆ ಆ ಸಮಾಧಾನ ಬೇಕಿರಲಿಲ್ಲ. ನನಗೆ ಸಿಟ್ಟು ಬಂದಿತ್ತು, ಯಜಮಾನರ ಮೇಲೆ, ಆಣೆಯ ಮೇಲೆ, ಒಡೆದ ಪೈಪಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಪಾಳಿಗೆಂದು ಕಾದು ಕೂತ ಅಕ್ಕೋರ ಮೇಲೆ.

ಅದಾದ ಮರುದಿನವೇ ಆ ಓಣಿಗೆ ನೀರು ಬಂದವು. ಸುದ್ದಿ ತಿಳಿದು ನಾನು ಹೋದೆ, ಯಾಕೆ ಹೋದೆನೋ ಗೊತ್ತಿಲ್ಲ. ಮಗಳು ಒಬ್ಬಳೇ ಗುಂಡಿಯ ಹತ್ತಿರ ಕೂತಿದ್ದಳು. ಕೊಡ ತುಂಬಿ ಉಕ್ಕಿ ಹರಿಯುತ್ತಿತ್ತು, ಅವಳು ಎತ್ತುತ್ತಿರಲಿಲ್ಲ. ನನ್ನನ್ನು ಕಂಡು, “ಈಗ ಬಂದಾವ ನೋಡ್ರಿ,” ಎಂದಳು. ನಾನು ಕೊಡ ಎತ್ತಿ ಹೊಸ್ತಿಲ ಮೇಲಿಟ್ಟೆ. ಒಳಗಿನಿಂದ ತೆಗೆದುಕೊಳ್ಳಲು ಯಾರೂ ಇರಲಿಲ್ಲ, ನಾನೇ ದಾಟಿ ಹೋಗಿ ಸುರಿದು ಬಂದೆ.

ಇದೆಲ್ಲ ಆಗಿ ವರ್ಷಗಳೇ ಕಳೆದವು. ಯಜಮಾನರು ಈಗ ಭಾನುವಾರ ಮಧ್ಯಾಹ್ನ ಬಸ್ಸು ಹತ್ತಿ ಮಗಳ ಮನೆಗೆ ಊಟಕ್ಕೆ ಹೋಗುತ್ತಾರೆ. ಮೊಮ್ಮಗಳು ಓಡಿ ಬಂದು ಕೈ ಹಿಡಿದು ಒಳಗೆ ಎಳೆದುಕೊಂಡು ಹೋಗುತ್ತಾಳಂತೆ. ಮುದುಕ ಒಳ್ಳೆಯವರೇ, ನನಗೆ ಗೊತ್ತು. ಆದರೂ ಅವರು ಬಸ್ಸು ಹತ್ತುವುದನ್ನು ಕಂಡ ದಿನ ನನಗೆ ಊಟ ಸೇರುವುದಿಲ್ಲ.

ಹೋದ ವಾರ ಈ ವರ್ಷದ ಸೇವಾ ವಾರದ ಸಭೆ ಇತ್ತು. ನನ್ನನ್ನೀಗ ಹಿರಿಯಳೆಂದು ಕರೆದು ಮುಂದೆ ಕೂರಿಸುತ್ತಾರೆ. ಹುಡುಗ ಹುಡುಗಿಯರು ಮತ್ತೆ ಆ ಗೋಕುಲ ರಸ್ತೆಯ ಓಣಿಗಳಿಗೇ ಹೋಗೋಣ ಎಂದರು. ಯಾವ ವಾರ ಎಂಬ ಮಾತು ಬಂದಾಗ ಹಳೆಯ ರೂಢಿಯಿಂದ ಕೇಳಿದೆ, “ಅಲ್ಲಿ ನೀರು ಯಾವತ್ತ ಬರ್ತಾವ ಅಂತ ವಿಚಾರಸೀರೇನು?”

ಈಗಿನ ಕಾರ್ಯದರ್ಶಿ ಹುಡುಗಿ ಫೋನಿನಿಂದ ತಲೆ ಎತ್ತಿದಳು. “ಅಲ್ಲಿ ಈಗ ದಿನಾ ಬರ್ತಾವ್ರಿ ಅಕ್ಕಾ. ನಾವು ಯಾವಾಗ ಹೋದ್ರೂ ನಡೀತದ.”

ಎಲ್ಲರೂ ಮುಂದಿನ ಮಾತಿಗೆ ಹೋದರು. ನಾನು ಎದ್ದು ಹೊರಗೆ ಬಂದು ಅಂಗಳದಲ್ಲಿ ನಿಂತೆ. ಅಳು ತಡೆಯಲಾಗಲಿಲ್ಲ. ಯಾವಾಗ ಹೋದರೂ ನಡೆಯುತ್ತಿತ್ತು, ಅಕ್ಕೋರೇ... ಆಗಲೂ ನಡೆಯುತ್ತಿತ್ತು.