ಸಾವಿನ ಬಟ್ಟೆಗೆ ಬಣ್ಣ ಹಾಕುವ ಅಫ್ರಕೋಮಾ

ಎನ್‌ಟೊನ್ಸೊ ಊರಿನಲ್ಲಿ ಕೋಳಿ ಕೂಗುವುದಕ್ಕೂ ಮೊದಲು ಒನಕೆ ಸದ್ದು ಕೇಳುತ್ತದೆ. ಕುಟ್ಟುತ್ತಿರುವುದು ಕಾಳನ್ನಲ್ಲ, ಮರದ ತೊಗಟೆಯನ್ನು. ಅಫ್ರಕೋಮಾ ಎದೆಗೆ ಬಟ್ಟೆ ಬಿಗಿದು ಸುತ್ತಿಕೊಂಡು, ನೆನೆಸಿಟ್ಟ ತೊಗಟೆಯನ್ನು ನಾರುನಾರಾಗಿ ಕುಟ್ಟಿ, ಡ್ರಮ್ಮಿಗೆ ಸುರಿದು ಬೆಂಕಿ ಮಾಡುತ್ತಾಳೆ. ನೀರು ಕುದ್ದು ಕುದ್ದು ಮೊದಲು ಚಹಾ ಬಣ್ಣಕ್ಕೆ ಬರುತ್ತದೆ, ಆಮೇಲೆ ಕೆಂಗಂದು, ಕೊನೆಗೆ ಕಪ್ಪು. ಅದರಲ್ಲಿ ಬಟ್ಟೆ ಅದ್ದಬೇಕು, ಒಣಗಿಸಬೇಕು, ಮತ್ತೆ ಅದ್ದಬೇಕು.

"ಏನೇ, ಕಂಬದ ಹಾಗೆ ನಿಂತ್ಬಿಟ್ಟೆ? ಆ ತುದಿ ಹಿಡ್ಕೊ. ಪೇಪರ್‌ನೋರ ಕೈಗೆ ಬಣ್ಣ ಹತ್ತಬಾರ್ದು ಅಂತ ಕಾನೂನಿದ್ಯಾ?" ಎಂದು ನನ್ನನ್ನು ಗದರುತ್ತಾಳೆ. ನಾನು ಹಿಡಿಯುತ್ತೇನೆ. ಹಸಿ ಬಟ್ಟೆ ಇಷ್ಟೊಂದು ಭಾರ ಇರುತ್ತದೆಂದು ಯಾರಿಗೆ ಗೊತ್ತಿತ್ತು!

ನೀವು ಈ ಶನಿವಾರದ ಪುರವಣಿಯನ್ನು ಓದುತ್ತಿರುವುದು ಬಹುಶಃ ಯಾವುದೋ ಸಾವಿನ ಮನೆಗೆ ಹೋಗುವ ಟ್ರೋಟ್ರೋ ವ್ಯಾನಿನಲ್ಲಿ ಕುಳಿತು. ನಮ್ಮ ಕಡೆ ಶನಿವಾರ ಇನ್ನೇನಿರುತ್ತದೆ? ಸಾವಿನ ಮನೆಗೆಂದು ನೀವು ಉಟ್ಟ ಆ ಗಾಢ ಬಣ್ಣದ ಬಟ್ಟೆಯನ್ನು ಯಾರು ಅದ್ದಿದರು ಅಂತ ಎಂದಾದರೂ ಕೇಳಿದ್ದೀರಾ? ನಾನೂ ಕೇಳಿರಲಿಲ್ಲ ಬಿಡಿ.

ಅಫ್ರಕೋಮಾಗೆ ಈ ಕೆಲಸ ಕಲಿಸಿದವಳು ಅವಳ ಅಜ್ಜಿ. ಅಫ್ರಕೋಮಾಳ ಕೈಗಳು ಮೊಣಕೈವರೆಗೂ ಕಪ್ಪಿಟ್ಟಿವೆ, ತಿಕ್ಕಿದರೂ ಹೋಗುವುದಿಲ್ಲ. "ಮೊದ್ಲು ನೋಡೋಕೆ ಬಂದ ಗಂಡು ಈ ಕೈ ನೋಡಿ ಓಟ ಕಿತ್ತ. ಎರಡನೇವ್ನು ಓಡ್ಲಿಲ್ಲ, ಕಟ್ಕೊಂಡೆ. ಅವ್ನು ಬೇಗ ಹೋಗ್ಬಿಟ್ಟ. ಅವ್ನ ಸಾವಿನ ಬಟ್ಟೇನೂ ನಾನೇ ಅದ್ದಿದ್ದು" ಎನ್ನುತ್ತಾಳೆ. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ, ಹೊಗೆಗೆ ಕಣ್ಣು ಉರಿಯುತ್ತದೆ, ಬೆನ್ನಂತೂ ಕೇಳುವುದೇ ಬೇಡ. ವಾರದ ಕೊನೆಗೆ ಹತ್ತಾರು ಮನೆಯವರು ಬಣ್ಣ ಇಳಿದ ಬಟ್ಟೆ ಹೊತ್ತು ಒಟ್ಟಿಗೇ ಬಂದು ತಮ್ಮದೇ ಮೊದಲಾಗಬೇಕು ಅಂತ ಜಗಳ ಆಡುತ್ತಾರೆ.

ನಾನು ಬಂದಿದ್ದು ಬಣ್ಣದ ಬಗ್ಗೆ ಬರೆಯಲು. ಎರಡನೇ ಸಲ ಬಂದಾಗ ಆಕೆ ಎಡಗೈಯನ್ನು ಜೋಪಾನವಾಗಿ ಆಡಿಸುತ್ತಿದ್ದಂತೆ ಕಂಡಿತು. ನೋವಾ ಅಂತ ಕೇಳಿದೆ.

"ಎಡಗಡೆ ಮೊಲೇಲಿ ಗಂಟಿದೆ. ಸೂಜಿ ಹಾಕಿ ನೋಡಿದ್ರು. ಕ್ಯಾನ್ಸರ್ ಅಂತೆ. ಬರ್ಕೊ, ಅದನ್ನೂ ಬರ್ಕೊ."

ಹೇಳಿದ ರೀತಿ ನೋಡಬೇಕಿತ್ತು! ಉಪ್ಪು ಮುಗಿದಿದೆ ಅನ್ನುವಷ್ಟು ಸಲೀಸು.

ಮುಂದಿನ ವಾರ ಕುಮಾಸಿ ನಗರದ ಆಸ್ಪತ್ರೆಗೆ ನಾನೂ ಜೊತೆಗೆ ಹೋಗುತ್ತೇನೆ. ಡಾಕ್ಟರ್ ಡಂಕ್ವಾ ಅವಸರದ ಮನುಷ್ಯರಲ್ಲ. ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಹೇಳುತ್ತಾರೆ: "ಬೇಗ ಬಂದಿದ್ದೀರಮ್ಮ, ಗಂಟು ಇನ್ನೂ ಚಿಕ್ಕದು. ಎರಡು ದಾರಿ ಇದೆ. ಗಂಟು, ಅದರ ಸುತ್ತ ಸ್ವಲ್ಪ, ಅಷ್ಟನ್ನೇ ತೆಗೆಯಬಹುದು. ಆಮೇಲೆ ವಾರಗಟ್ಟಲೆ ದಿನಾ ಇಲ್ಲಿಗೆ ಬಂದು ಯಂತ್ರದಲ್ಲಿ ವಿಕಿರಣ ಹಾಕಿಸ್ಕೋಬೇಕು. ಇಲ್ಲಾಂದ್ರೆ ಇಡೀ ಮೊಲೆ ತೆಗೆಯೋದು. ಆಗ ವಿಕಿರಣ ಬೇಕಾಗದೆಯೂ ಇರಬಹುದು. ಯಾವ ದಾರಿ ಹಿಡಿದ್ರೂ ಕಂಕುಳಿನ ಗ್ರಂಥಿ ತೆಗೆದು ನೋಡ್ತೀವಿ, ಮಿಕ್ಕ ಔಷಧಿ ಆಮೇಲೆ ತೀರ್ಮಾನ."

"ಯಾವುದ್ರಲ್ಲಿ ಬದುಕ್ತೀನಿ?"

"ನಿಮ್ಮ ಮಟ್ಟಿಗೆ ಎರಡೂ ಸಮ. ಆದ್ರೆ ಮೊದಲನೆಯದಕ್ಕೆ ವಿಕಿರಣ ಪೂರ್ತಿ ಮುಗಿಸಲೇಬೇಕು."

"ಯಂತ್ರ ಮಧ್ಯೆ ಕೆಟ್ರೆ?"

"ಕೆಡುತ್ತೆ ಒಮ್ಮೊಮ್ಮೆ. ರಿಪೇರಿ ಆಗೋವರೆಗೂ ಕಾಯ್ಬೇಕಾಗುತ್ತೆ." ಆಪರೇಷನ್ನಿಗೆ ಮೊದಲು ಮನೆಯವರು ಯಾರಾದರೂ ಬಂದು ರಕ್ತ ಕೊಡಬೇಕು ಎಂದೂ ಹೇಳುತ್ತಾರೆ.

ವಾಪಸ್ಸು ಬರುವಾಗ ನಾನು ಸಮಾಧಾನ ಹೇಳಲು ಹೋಗಿ, ಈ ವಯಸ್ಸಿಗೆ ತೆಗೆಸಿಬಿಟ್ಟರೆ ಏನಂತೆ ಅಂದುಬಿಟ್ಟೆ. "ನಿಂದಾಗಿದ್ರೆ ಹೀಗೆ ಹೇಳ್ತಿದ್ಯಾ?" ಎಂದು ತಿರುಗಿ ಬಿದ್ದಳು. "ನೋಡೋಕೆ ಗಂಡ ಇಲ್ಲ, ಕುಡಿಯೋಕೆ ಕೂಸಿಲ್ಲ, ಆದ್ರೂ ನಂದು ಕಣೇ. ನಂಗೆ ಬೇಕು."

ಆದರೆ ನಮ್ಮಲ್ಲಿ ಒಬ್ಬಳ ಮೈ ಅವಳೊಬ್ಬಳದೇ ಅಲ್ಲವಲ್ಲ. ತಾಯಿ ಕಡೆಯ ಹಿರಿಯರು ಕುಳಿತು ಮಾತಾಡಬೇಕು. ಅವರ ಮುಂದಾಳು ಸೋದರಮಾವ ಅಂಪೊನ್ಸೆಮ್. ಅವರ ಅಕ್ಕನಿಗೂ, ಅಂದರೆ ಅಫ್ರಕೋಮಾಳ ದೊಡ್ಡಮ್ಮನಿಗೂ, ಇದೇ ಕಾಯಿಲೆ ಬಂದಿತ್ತು. ಹುಣ್ಣು ಒಡೆಯುವವರೆಗೂ ಮುಚ್ಚಿಟ್ಟುಕೊಂಡು, ಕೊನೆಗೆ ಆಸ್ಪತ್ರೆಗೆ ಹೋದವಳು. ಮಾವನಿಗೆ ಮುಚ್ಚಿಟ್ಟದ್ದು ಮರೆತಿದೆ, ಡಾಕ್ಟರ ಕತ್ತಿ ಮಾತ್ರ ನೆನಪಿದೆ. "ಕತ್ತಿ ಮುಟ್ಟಿದ ಮೇಲೆ ಅವ್ಳು ಎದ್ದು ಕೂರ್ಲೇ ಇಲ್ಲ. ನೀನೂ ಹೋಗ್ಬೇಡ" ಅನ್ನುವುದೊಂದೇ ಅವರ ಮಾತು. ಅಫ್ರಕೋಮಾ ಇತ್ತ ಮಾವನ ಮಾತು ಒಪ್ಪಿಕೊಳ್ಳಲೂ ಆಗದೆ, ಅತ್ತ ಆಸ್ಪತ್ರೆಗೆ ಆಪರೇಷನ್ನಿನ ದಿನ ಹೇಳಲೂ ಆಗದೆ ದಿನ ತಳ್ಳುತ್ತಾಳೆ. ಗಂಟು ಕಾಯುತ್ತದೆಯೇ?

ಮೂರನೇ ಸಲ ನಾನು ಅವಳ ಹಿತ್ತಲಿಗೆ ಹೋದ ಮುಂಜಾನೆ, ಅವಳ ಚಿಕ್ಕಮ್ಮನ ಮಗಳು ಪೊಮಾ ಒಂದು ಗಂಟು ಬಟ್ಟೆ ತಂದು ಇಡುತ್ತಾಳೆ. "ಯಾರೋ ಗಿರಾಕಿದು ಅಕ್ಕಾ, ಗಾಢವಾಗಿ ಅದ್ದಬೇಕಂತೆ" ಅಂದವಳ ಕಣ್ಣು ನೆಲದ ಮೇಲೆ. ಅಫ್ರಕೋಮಾ ಬಿಡಿಸಿ ನೋಡುತ್ತಾಳೆ. ಅಂಚಿನಲ್ಲಿ ಒಂದು ಸುಟ್ಟ ತೂತು, ಅದಕ್ಕೆ ಹೊಲಿಗೆ.

"ಈ ಹೊಲಿಗೆ ನಂದು. ಇದು ಮಾವನ ಬಟ್ಟೆ. ಯಾರೇ ಹೋದೋರು?"

ಪೊಮಾ ಬಟ್ಟೆಯನ್ನು ಮತ್ತೆ ಮಡಚಲು ಹೋಗುತ್ತಾಳೆ.

"ಬಾಯಿ ಬಿಡೇ. ನಮ್ಮೋರಲ್ಲಿ ಯಾರು ಹೋದ್ರು?"

ಪೊಮಾ ಅಳಲು ಶುರು ಮಾಡುತ್ತಾಳೆ. ಆಗ ಅಫ್ರಕೋಮಾಗೆ ತಿಳಿಯುತ್ತದೆ. ನನಗೂ. ಅಯ್ಯೋ ದೇವರೇ! ಡ್ರಮ್ಮಿನ ನೀರು ಕುದಿಯುತ್ತಲೇ ಇದೆ. ಯಾರೂ ಸತ್ತಿಲ್ಲ. ಜೀವಂತ ಇರುವವಳ ಕೈಗೆ, ಅವಳದೇ ಸಾವಿಗೆ ಮಾವ ಉಡಬೇಕಾದ ಬಟ್ಟೆ!

ಹೇಳಿ ಕಳಿಸಿದ್ದಕ್ಕೆ ಮಾವ ಕೋಲೂರಿಕೊಂಡು ಬರುತ್ತಾರೆ.

"ಮಾವ, ನಾನಿನ್ನೂ ಉಸಿರಾಡ್ತಿದ್ದೀನಿ."

"ಕೋಪ ಮಾಡ್ಕೋಬೇಡ ಮಗಳೇ. ನೀನು ಕೊಯ್ಸಿಕೊಳ್ಳೋಕೆ ಹೊರಟಿದ್ದೀಯ ಅಂತ ಕೇಳ್ದೆ. ನಾಳೆ ಹೆಚ್ಚುಕಮ್ಮಿ ಆದ್ರೆ, ನಿನ್ನಂಥವಳ ಸಾವಿಗೆ ಬಣ್ಣ ಮಾಸಿದ ಬಟ್ಟೆ ಉಟ್ಕೊಂಡು ಬರ್ಲಾ? ಊರು ಉಗಿಯಲ್ವಾ?"

"ಹಾಗಂತ ನನ್ ಹತ್ರಾನೇ ಕಳಿಸೋದಾ?"

"ಇನ್ಯಾರ ಹತ್ರ ಕಳಿಸ್ಲಿ? ನಿನ್ನ ಹಾಗೆ ಅದ್ದೋರು ಈ ಸೀಮೇಲಿ ಯಾರಿದ್ದಾರೆ?"

ಮುದುಕನ ಕತ್ತಿನ ಪಟ್ಟಿ ಹಿಡಿಯೋಣ ಅನ್ನಿಸುತ್ತದೆ ನನಗೆ. ಆದರೆ ಅವರ ಕಣ್ಣಲ್ಲಿ ನೀರು. ಆ ಮನುಷ್ಯ ಪ್ರೀತಿಯಿಂದಲೇ ಇದನ್ನು ಮಾಡಿದ್ದು, ಅದೇ ನನ್ನನ್ನು ಇನ್ನಷ್ಟು ಕಂಗೆಡಿಸುತ್ತದೆ. ಅಫ್ರಕೋಮಾ ಬೈಯುವುದಿಲ್ಲ. ಮೊದಲು ಒಂದು ವಿಚಿತ್ರ ನಗು ಬರುತ್ತದೆ, ನಗುತ್ತಲೇ ಅಳು, ಆಮೇಲೆ ಮುಖ ಒರೆಸಿಕೊಳ್ಳುತ್ತಾಳೆ.

"ಕೇಳಿ ಮಾವ. ನಾನು ಸತ್ರೆ ಶಾಮಿಯಾನ ಹಾಕ್ಸೋಕೆ, ಡೋಲು ತರ್ಸೋಕೆ ಎಲ್ರೂ ಓಡಿ ಬರ್ತೀರ. ಬದುಕಿರೋವಾಗ್ಲೇ ಬನ್ನಿ. ನಿಮ್ಮ ವಯಸ್ಸಿಗೆ ರಕ್ತ ತಗೊಳ್ಳಲ್ಲ, ಮನೆ ಗಂಡಸರನ್ನ ಕರ್ಕೊಂಡು ಮಂಗಳವಾರ ಆಸ್ಪತ್ರೆಗೆ ಬನ್ನಿ. ದೊಡ್ಡಮ್ಮನ್ನ ಕೊಂದಿದ್ದು ಕತ್ತಿ ಅಲ್ಲ, ಮುಚ್ಚಿಟ್ಟಿದ್ದು. ನಾನು ಮುಚ್ಚಿಡಲ್ಲ. ಪೂರ್ತಿ ತೆಗೆಸ್ತೀನಿ."

"ನಿಂಗೆ ಅದು ಬೇಕು ಅಂತಿದ್ದೆಯಲ್ಲ?" ನಾನು ಕೇಳಿಬಿಡುತ್ತೇನೆ.

"ಈಗ್ಲೂ ಬೇಕು. ತೆಗೆಸಿದ ಮೇಲೂ ಬೇಕು ಅನ್ಸುತ್ತೆ. ಆದ್ರೆ ಅರ್ಧ ಅದ್ದಿ ಬಿಟ್ಟ ಬಟ್ಟೆ ಹಾಳೇ ಅಂತ ನಂಗೊತ್ತು. ಆ ಯಂತ್ರ ನಿಂತ್ರೆ ಅಂತ ದಿನಾ ಹೆದರ್ಕೊಂಡು ಟ್ರೋಟ್ರೋ ಹತ್ತೋಕಾಗಲ್ಲ. ಬೇರೆಯವ್ಳು ಇದೇ ಜಾಗದಲ್ಲಿ ಬೇರೆ ಥರ ಹೇಳಬಹುದು. ಅವ್ಳದು ತಪ್ಪಲ್ಲ."

ಮಾವ ಕೋಲಿನ ತುದಿಯಿಂದ ಮಣ್ಣು ಕೆದಕುತ್ತಾರೆ. "ಮಂಗಳವಾರ ಎಷ್ಟು ಹೊತ್ತಿಗೆ?" ಎಂದು ಕೇಳಿ, ಬಟ್ಟೆಯನ್ನು ವಾಪಸ್ಸು ತೆಗೆದುಕೊಳ್ಳಲು ಬಗ್ಗುತ್ತಾರೆ. ಅಫ್ರಕೋಮಾ ಅವರ ಕೈ ತಟ್ಟಿ ಬಟ್ಟೆಯನ್ನು ಕಿತ್ತುಕೊಂಡು, ಡ್ರಮ್ಮಿಗೆ ಹಾಕಿ ಬಣ್ಣ ತಿರುವುವ ಕೋಲಿನಿಂದ ಒತ್ತುತ್ತಾಳೆ.

ನಾನು ಚೀರುತ್ತೇನೆ. "ಅದನ್ನ ಅದ್ದುತ್ತೀಯಾ?"

"ಗಿರಾಕಿ ಬಟ್ಟೆ ಕಣೇ, ಹಾಗೇ ವಾಪಸ್ ಕಳಿಸೋಕಾಗುತ್ತಾ? ಊರಲ್ಲಿ ಸಾವಿಗೇನು ಬರ, ಯಾರದಕ್ಕಾದ್ರೂ ಉಟ್ಕೋತಾರೆ." ಕೋಲು ತಿರುವುತ್ತಾ ಮಾವನ ಕಡೆ ನೋಡುತ್ತಾಳೆ. "ನಾನು ಹಾಕಿದ ಬಣ್ಣ ಅಷ್ಟು ಸುಲಭಕ್ಕೆ ಇಳಿಯಲ್ಲ, ವರ್ಷಗಳೇ ಬೇಕು. ಇಳಿದಾಗ ಮಾವ ಇದನ್ನ ಹೊತ್ಕೊಂಡು ಗೊಣಗ್ತಾ ಮತ್ತೆ ಇದೇ ಹಿತ್ತಲಿಗೆ ಬರ್ಬೇಕು. ಅವತ್ತೂ ನಾನೇ ಅದ್ದಬೇಕು. ಇನ್ನೇನೂ ಕೇಳಲ್ಲ ನಾನು."