ಹನ್ನೊಂದು ಗಂಟೆಯ ಸದ್ದು

ನನ್ನ ಸೊಂಟದಲ್ಲಿ ಇಂದಿಗೂ ಒಂದು ಬೀಗದ ಕೈ ಗೊಂಚಲು ತೂಗುತ್ತದೆ. ಅದರಲ್ಲಿರುವ ಒಂಬತ್ತು ಕೈಗಳಲ್ಲಿ ನನ್ನ ಮನೆಯವು ಎರಡೇ. ಉಳಿದ ಏಳು, ಕನಕಪುರದಲ್ಲಿ ನಾನು ಮೂವತ್ತು ವರ್ಷ ವಾರ್ಡನ್ ಆಗಿದ್ದ ಹೆಣ್ಣುಮಕ್ಕಳ ಹಾಸ್ಟೆಲಿನವು. ಆ ಕಟ್ಟಡವನ್ನು ಕೆಡವಿ ಎಷ್ಟೋ ವರ್ಷಗಳಾದವು. ತೆರೆಯಲು ಬಾಗಿಲೇ ಇಲ್ಲದ ಕೈಗಳನ್ನು ಹೊತ್ತು ತಿರುಗುವುದೇಕೆ ಎಂದು ನೀವು ಕೇಳಬಹುದು. ಅದರ ಸದ್ದು ನನಗೆ ಬೇಕಿತ್ತು, ಅಷ್ಟೆ. ನಾನು ಕಾರಿಡಾರಿನ ತಿರುವಿಗೆ ಬರುವ ಮೊದಲೇ ಈ ಗೊಂಚಲಿನ ಸದ್ದು ಮುಂದಾಗಿ ಹೋಗಿ, ಕಿಲಕಿಲ ಎನ್ನುತ್ತಿದ್ದ ಕೋಣೆಗಳನ್ನು ಒಂದೊಂದಾಗಿ ಸುಮ್ಮನಾಗಿಸುತ್ತಿತ್ತು. ಆಗ ಅದೊಂದು ಹೆಮ್ಮೆ.

ನಿವೃತ್ತಳಾದ ಮೇಲೆ ರಾಮನಗರದ ಈ ಬೀದಿಗೆ ಬಂದು ನೆಲೆಸಿದೆ. ಎಡಗಡೆಯ ಗೋಡೆಯಾಚೆ ಮೆಹಬೂಬಿಯವರ ಮನೆ, ಅದಕ್ಕೆ ಅಂಟಿಕೊಂಡಂತೆ ಅವರ ರೇಷ್ಮೆ ನೂಲು ತೆಗೆಯುವ ಶೆಡ್ಡು. ಬೆಳಿಗ್ಗೆ ಆರಕ್ಕೆ ಮೋಟಾರು ಹಾಕಿದರೆ ಮಧ್ಯಾಹ್ನದವರೆಗೂ ಅದರ ಗರಗರ ನಿಲ್ಲದು. ಸೊಸೆ ಶಬೀನಾ ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ ಎಂಟೆಂಟು ಎಳೆಗಳನ್ನು ಹಿಡಿದು ಒಂದೇ ನೂಲಾಗಿ ಕೂಡಿಸುವುದನ್ನು ನೋಡಲೆಂದೇ ನಾನು ದಿನವೂ ಹನ್ನೊಂದಕ್ಕೆ ಸರಿಯಾಗಿ ಅಲ್ಲಿಗೆ ಹೋಗುತ್ತಿದ್ದೆ. ಐದು ನಿಮಿಷ ಹಿಂದೆ ಇಲ್ಲ, ಐದು ನಿಮಿಷ ಮುಂದೆ ಇಲ್ಲ.

ಅವಳಿಗೆ ಹೆಣ್ಣುಮಗು ಹುಟ್ಟಿತು, ಜೋಯಾ. ಶೆಡ್ಡಿನ ಬಾಗಿಲ ಪಕ್ಕದ ಜಗಲಿಯಲ್ಲೇ ಸೀರೆಯ ಜೋಲಿ ಕಟ್ಟಿದರು.

"ನಮ್ ಮಗೀನಷ್ಟು ಒಳ್ಳೇ ಮಗು ಇಡೀ ಬೀದೀಲಿ ಇಲ್ಲ ಕಣ್ರಮ್ಮ," ಎಂದು ಮೆಹಬೂಬಿ ಹೇಳಿಕೊಳ್ಳುತ್ತಿದ್ದರು. "ಕಿವಿ ಪಕ್ಕದಲ್ಲೇ ಮಿಸಿನ್ ಓಡ್ತಾ ಐತೆ, ಒಸಿನೂ ಅಲ್ಲಾಡಾಕಿಲ್ಲ. ನಿಮ್ ಹಾಸ್ಟೆಲ್ನಾಗೆ ಇಂಥವು ಎಷ್ಟಿದ್ವು?"

ಒಂದೂ ಇರಲಿಲ್ಲ; ಆದ್ದರಿಂದಲೇ ನನಗೆ ಅನುಮಾನ ಬಂತು. ಐದು ತಿಂಗಳ ಮಗು ಸದ್ದು ಬಂದ ಕಡೆಗೆ ತಲೆ ತಿರುಗಿಸಬೇಕೆಂದು ಅಂಗನವಾಡಿಯ ಗೋಡೆಯ ಮೇಲೆ ಓದಿದ್ದೆ; ಜೋಯಾಗೆ ಆಗಲೇ ಐದು ತುಂಬಿತ್ತು. ಮರುದಿನ ಹನ್ನೊಂದಕ್ಕೆ ಜೋಲಿಯ ಹಿಂದೆ ನಿಂತು ಗೊಂಚಲನ್ನು ಆಡಿಸಿದೆ. ಎಚ್ಚರವಾಗಿದ್ದ ಜೋಯಾ ತನ್ನ ಬೆರಳುಗಳನ್ನೇ ನೋಡುತ್ತ ಮಲಗಿದ್ದಳು. ಮೂರು ದಿನ, ಅದೇ ಹೊತ್ತು, ಅದೇ ಜಾಗ. ಮೂರು ದಿನವೂ ನೋಟುಬುಕ್ಕಿನಲ್ಲಿ ಬರೆದೆ: ತಿರುಗಲಿಲ್ಲ.

"ಸಂಜೆ ನಾನು ಕರದ್ರೆ ನೋಡ್ತಳೆ," ಎಂದರು ಮೆಹಬೂಬಿ.

"ನೀವು ಎದುರಿಗೇ ನಿಂತಿರ್ತೀರಿ. ಮುಖ ನೋಡ್ತಾಳೆ, ಅಷ್ಟೆ," ಎಂದೆ ನಾನು. ನನ್ನ ದನಿ ಮೂವತ್ತು ವರ್ಷ ಯಾರೂ ಎದುರಾಡದ ದನಿ. ಶಬೀನಾ ತನ್ನ ಕಣ್ಣಿಗಿಂತ ನನ್ನ ನೋಟುಬುಕ್ಕನ್ನು ನಂಬಿದಳು. ದೊಡ್ಡಾಸ್ಪತ್ರೆಯಲ್ಲಿ ಕಿವಿಯ ಪರೀಕ್ಷೆಗೆ ಹತ್ತು ದಿನದ ನಂತರದ ದಿನ ಸಿಕ್ಕಿತು.

ಆ ಹತ್ತು ದಿನಗಳಲ್ಲಿ ನಡೆದದ್ದನ್ನು ಹೇಳಲು ನನಗೆ ಈಗಲೂ ನಾಚಿಕೆ. ಎಳೆ ಹಿಡಿಯುವ ಕೆಲಸದ ನಡುವೆ ಜೋಲಿಯತ್ತ ಬಗ್ಗಿ, ಉರ್ದುವಿನಲ್ಲೊಂದು ಕನ್ನಡದಲ್ಲೊಂದು ಮಾತಾಡಿ ನಗಿಸುತ್ತಿದ್ದ ಶಬೀನಾ ಸುಮ್ಮನಾಗಿಬಿಟ್ಟಳು. ಹಾಲು ಕುಡಿಸುವಾಗಲೂ ತುಟಿ ಬಿಗಿ. ಯಾಕಮ್ಮ ಎಂದು ಕೇಳಿದೆ.

"ಕೇಳ್ದೇ ಇರೋ ಮಗೀಗೆ ಏನಂತ ಮಾತಾಡ್ಲಿ ಮೇಡಮ್? ಬಾಯಿ ತೆಗುದ್ರೆ ಅಳು ಬತ್ತದೆ."

ನನ್ನ ಗೊಂಚಲಿನ ಸದ್ದಿಗೆ ಇನ್ನೊಂದು ಕೋಣೆ ಮೌನವಾಗಿತ್ತು.

ಏಳನೆಯ ದಿನ ಹನ್ನೊಂದಕ್ಕೆ ನಾನು ಅವರ ಅಂಗಳಕ್ಕೆ ಕಾಲಿಡುತ್ತಿದ್ದಂತೆ ಕರೆಂಟು ಹೋಯಿತು. ಮೋಟಾರು ಒಂದು ನಿಟ್ಟುಸಿರು ಬಿಟ್ಟು ನಿಂತಿತು. ಆ ಕ್ಷಣವೇ, ಗಾಢ ನಿದ್ದೆಯಲ್ಲಿದ್ದ ಜೋಯಾ ಬೆಚ್ಚಿ ಎರಡು ಕೈಯನ್ನೂ ಅಗಲಿಸಿ ಕಣ್ಣು ಬಿಟ್ಟಳು. ನಿಶ್ಶಬ್ದ ಅವಳನ್ನು ಎಬ್ಬಿಸಿತ್ತು! ನಾನು ಗಾಬರಿಯಿಂದ ಎರಡು ಹೆಜ್ಜೆ ಇಟ್ಟೆ. ಸೊಂಟದ ಗೊಂಚಲು ಅಲುಗಿತು. ಜೋಲಿಯ ಸೀರೆಯಂಚಿನಿಂದ ಒಂದು ಪುಟ್ಟ ತಲೆ ನಿಧಾನವಾಗಿ ನನ್ನ ಸೊಂಟದ ಕಡೆಗೆ ತಿರುಗಿತು.

"ಅಮ್ಮೀ! ತಿರುಗುದ್ಲು!" ಎಂದು ಶಬೀನಾ ಒದ್ದೆ ಕೈಯಲ್ಲೇ ಓಡಿಬಂದಳು.

ಮೆಹಬೂಬಿ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ನೋಡಿದರು. "ಬರ್ಕೊಳ್ರಮ್ಮ ಈಗ, ನಿಮ್ ಬುಕ್ನಾಗೆ."

ಆದರೂ ಪರೀಕ್ಷೆಗೆ ಹೋದೆವು. ಅಂಗಳದ ಸಂತೋಷ ಆಸ್ಪತ್ರೆಯ ಖಾತ್ರಿಗೆ ಸಮನಲ್ಲ. ಮಲಗಿದ ಮಗುವಿನ ತಲೆಗೆ ಸಣ್ಣ ತಂತಿಗಳನ್ನಂಟಿಸಿ ನೋಡಿದ ವೈದ್ಯೆ, ಎರಡು ಕಿವಿಯೂ ಚೆನ್ನಾಗಿವೆ ಎಂದರು. ಕರೆತಂದದ್ದು ಸರಿ ಎಂದೂ ಹೇಳಿದ ಆ ವೈದ್ಯೆ, ಶಬೀನಾ ಬಸುರಿಯಾಗಿ ಎಂಟು ತಿಂಗಳವರೆಗೂ ಶೆಡ್ಡಿನಲ್ಲಿ ದುಡಿದದ್ದನ್ನು ಕೇಳಿ ನಕ್ಕರು. ಮೋಟಾರಿನ ಸದ್ದನ್ನು ಈ ಮಗು ಗರ್ಭದಲ್ಲೇ ಕೇಳಿದೆ. ತಾಯಿಯ ದನಿಯನ್ನೂ ಅಲ್ಲಿಯೇ ಕಲಿತಿದೆ. ಬದಲಾಗದ ಸದ್ದನ್ನು ಗೊತ್ತಿರುವುದೆಂದು ಬದಿಗಿಟ್ಟು ಹೊಸದಕ್ಕೆ ಕಾಯುವುದೇ ಅದರ ಮೊದಲ ಪಾಠ. ನನ್ನ ಗೊಂಚಲೋ, ಆ ಗದ್ದಲದಲ್ಲಿ ಮುಳುಗಿಹೋಗಿತ್ತು. ಅಂಥ ಗದ್ದಲ ಎಳೆಯ ಕಿವಿಗೆ ಒಳ್ಳೆಯದಲ್ಲ, ಜೋಲಿಯನ್ನು ದೂರ ಕಟ್ಟಿ ಎಂದರು.

ಸ್ನೇಹಿತರೇ, ಬಸ್ಸಿನಲ್ಲಿ ಹಿಂದಿರುಗುವಾಗ ನನಗೆ ಕಿಟಕಿಯಾಚೆಯದು ಏನೂ ಕಾಣಲಿಲ್ಲ. ಸಮಯ ತಪ್ಪದ ನನ್ನ ಶಿಸ್ತು ನನ್ನನ್ನು ದಿನವೂ ಹನ್ನೊಂದಕ್ಕೇ ಅಲ್ಲಿ ನಿಲ್ಲಿಸಿತ್ತು, ಕರೆಂಟು ಹೋಗದಿದ್ದರೆ ಮೋಟಾರು ಎಂದೂ ನಿಲ್ಲದ ಹೊತ್ತಿನಲ್ಲಿ. ಸಂಜೆ ಒಮ್ಮೆ ಹೋಗಿದ್ದರೆ ಸಾಕಿತ್ತು. ಅಷ್ಟು ಕ್ರಮಬದ್ಧವಾಗಿ ತಪ್ಪು ಮಾಡಿದವರು ಕಡಿಮೆ. ಜೊತೆಗೆ ಇನ್ನೊಂದು ಯೋಚನೆ ಚುಚ್ಚಿತು: ಅದೇ ಮಾತನ್ನು ಅದೇ ಹೊತ್ತಿಗೆ ಮೂವತ್ತು ವರ್ಷ ಹೇಳಿದೆನಲ್ಲ, ನನ್ನ ಹುಡುಗಿಯರು ನನ್ನನ್ನು ಆ ಮೋಟಾರಿನಂತೆ ಬದಿಗಿಟ್ಟಿರಲಿಲ್ಲವೇ?

ಜೋಲಿ ಈಗ ನನ್ನ ನಡುಮನೆಯ ತೊಲೆಯಲ್ಲಿ ತೂಗುತ್ತಿದೆ. ಶಬೀನಾ ಹೊತ್ತುಹೊತ್ತಿಗೆ ಬಂದು ಹಾಲು ಕೊಟ್ಟು, ಸುಮ್ಮನಿದ್ದ ದಿನಗಳ ಬಾಕಿ ಮಾತನ್ನೆಲ್ಲ ಸೇರಿಸಿ ಆಡಿ ಹೋಗುತ್ತಾಳೆ. ನಾನು ಕುರ್ಚಿ ಹಾಕಿಕೊಂಡು ನೋಡುತ್ತೇನೆ. ಹುಟ್ಟಿದಾಗ ಜೋಯಾಳ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿದ್ದದ್ದು ಒಂದು ಗೇಣಿಗಿಂತ ತುಸು ಹೆಚ್ಚು ದೂರದವರೆಗೆ ಮಾತ್ರ, ಎಂದರೆ ಎದೆಹಾಲು ಕುಡಿಯುವ ಬಾಯಿಂದ ತಾಯಿಯ ಮುಖದವರೆಗಿನ ದೂರ. ಮೊದಲು ಬೇಕಾದದ್ದನ್ನು ಮೊದಲು ಕೊಟ್ಟಿತು ಪ್ರಕೃತಿ. ಯಾವ ವಾರ್ಡನ್ನೂ ಇದಕ್ಕಿಂತ ಚೆನ್ನಾಗಿ ವೇಳಾಪಟ್ಟಿ ಹಾಕಲಾರಳು. ಈಗ ಅವಳು ಮರದ ಗಿಲಕಿಯನ್ನು ಹಿಡಿಯುತ್ತಾಳೆ, ಬಾಯಿಗಿಡುತ್ತಾಳೆ, ಅಲುಗಿಸುತ್ತಾಳೆ, ಬೀಳಿಸಿ ನೋಡುತ್ತಾಳೆ. ಬಣ್ಣದ ಎಳೆ, ರುಚಿಯ ಎಳೆ, ಸದ್ದಿನ ಎಳೆ, ನುಣುಪಿನ ಎಳೆ ಎಲ್ಲ ಸೇರಿ, ಇದು ಒಂದೇ ವಸ್ತು ಎಂಬ ನೂಲು ಆ ಪುಟ್ಟ ತಲೆಯೊಳಗೆ ಸಿದ್ಧವಾಗುತ್ತಿದೆ. ಗೋಡೆಯಾಚೆ ತಾಯಿ ಕೈಯಲ್ಲಿ ಮಾಡುವುದನ್ನು ಈಚೆ ಮಗಳು ಸದ್ದಿಲ್ಲದೆ ಮಾಡುತ್ತಾಳೆ. ಯಾರು ಕಲಿಸಿದರು? ನಾನಂತೂ ಅಲ್ಲ.

ಮೊನ್ನೆ ಗೊಂಚಲನ್ನು ಸೋಪು ಹಾಕಿ ತೊಳೆದು, ಹತ್ತು ನಿಮಿಷ ಕುದಿಸಿ, ಆರಿಸಿ ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಜೋಯಾ ಅದನ್ನು ಹಿಡಿದು ಬಾಯಿಗಿಡದೆ ಬಿಡುವುದಿಲ್ಲ. ಅಡುಗೆಮನೆಯಿಂದ ಬರುತ್ತಿದ್ದೆ, ತಿರುವಿನ ಈಚೆಗೇ ಇದ್ದೆ, ಮುಖ ಅವಳಿಗೆ ಕಾಣುವಂತಿರಲಿಲ್ಲ. ಎಂದಿನಂತೆ ಸದ್ದು ನನಗಿಂತ ಮುಂದೆ ಹೋಯಿತು. ನಡುಮನೆಯಿಂದ ಒಂದು ನಗು ಕೇಳಿತು.

ನಾನು ಅಲ್ಲೇ ನಿಂತೆ. ಇಷ್ಟು ವರ್ಷಗಳಲ್ಲಿ ಈ ಸದ್ದಿಗೆ ನಗು ನಿಂತದ್ದನ್ನಷ್ಟೇ ಕಂಡವಳು ನಾನು. ಕೇಳಿದ್ದು ನಿಜವೇ ಎಂದು ನೋಡಲು, ಗೊಂಚಲನ್ನು ಇನ್ನೊಮ್ಮೆ ಆಡಿಸಿದೆ.