ಹೊನ್ನಯ್ಯನವರ ಒಂದೂವರೆ ಗಂಟೆ

ಹೊನ್ನಯ್ಯನವರ ಎಡಗಣ್ಣು ಹೋದದ್ದು ಹೊಳೆಹೊನ್ನೂರಿನಲ್ಲಿ, ಏಳನೇ ವಯಸ್ಸಿನಲ್ಲಿ, ಚಿನ್ನಿದಾಂಡಿನ ಚಿನ್ನಿ ಬಡಿದು. ಬಸ್ ಡ್ರೈವರ್ ಆಗಬೇಕೆಂದು ಆಸೆಪಟ್ಟ ಮನುಷ್ಯ ಅವರು. ಲೈಸೆನ್ಸಿಗೆ ಮೂರು ಸಲ ಅರ್ಜಿ ಹಾಕಿದರು, ಮೂರು ಸಲವೂ ಕಣ್ಣಿನ ಪರೀಕ್ಷೆಯಲ್ಲೇ ವಾಪಸು. ಕೊನೆಗೆ ಭದ್ರಾವತಿಯ ಕಾಗದದ ಕಾರ್ಖಾನೆ ಸೇರಿ, ಕಾಗದ ಸುರುಳಿ ಸುತ್ತುವ ಕಡೆ ಇಪ್ಪತ್ತಾರು ವರ್ಷ ನಿಂತರು. ಕಾಗದನಗರದ ಕ್ವಾರ್ಟರ್ಸಿನಿಂದ ಗೇಟಿನವರೆಗೆ ಸೈಕಲ್ಲು. ಅವರು ಓಡಿಸಿದ ವಾಹನ ಅದೊಂದೇ.

ಓಲ್ಡ್ ಟೌನಿನಲ್ಲಿ ನನ್ನದೊಂದು ಸೈಬರ್ ಸೆಂಟರ್ ಇತ್ತು. ಎರಡು ಸಾವಿರದ ಐದರಲ್ಲಿ ಮಗಳು ಲಿಖಿತಾಳ ಪಿಯುಸಿ ರಿಸಲ್ಟ್ ನೋಡಲು ಬಂದ ಹೊನ್ನಯ್ಯನವರು ಮೂಲೆಯಲ್ಲಿದ್ದ ಕಾರ್ ರೇಸ್ ಕಂಪ್ಯೂಟರ್ ಕಂಡು ನಿಂತುಬಿಟ್ಟರು. ಅದಕ್ಕೆ ಸ್ಟೀರಿಂಗು, ಕಾಲಿಗೆ ಬ್ರೇಕು ಎಲ್ಲ ಇದ್ದವು.

"ಒಂದ್ಸಲ ಕೂತ್ಕೊಳ್ಲಾ ವೇದಮ್ಮ?"

ಕೂತವರು ಮುಕ್ಕಾಲು ಗಂಟೆ ಏಳಲಿಲ್ಲ. ಪರದೆಯ ಮೇಲೆ ರಸ್ತೆ ಚಪ್ಪಟೆ, ಅಲ್ಲಿ ಒಂದು ಕಣ್ಣಿಗೂ ಎರಡು ಕಣ್ಣಿಗೂ ಏನು ವ್ಯತ್ಯಾಸ? ಲಿಖಿತಾ ಪಾಸಾಗಿದ್ದಾಳೆ ಅನ್ನುವುದನ್ನು ಕೊನೆಗೆ ನಾನೇ ಕೂಗಿ ಹೇಳಬೇಕಾಯಿತು.

ಮುಂದಿನ ವರ್ಷ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಕಂಪ್ಯೂಟರ್ ಅಂಗಡಿಯವರೊಬ್ಬರು ಆರು ಗಂಟೆಯ ರೇಸ್ ಇಟ್ಟರು. ಎಂಟು ತಂಡ, ತಂಡಕ್ಕೊಂದು ಕಂಪ್ಯೂಟರು, ಅದರಲ್ಲಿ ಒಂದೇ ಕಾರು. ಮೂವರು ಸರದಿಯ ಮೇಲೆ ಓಡಿಸಬೇಕು. ಯಾರೂ ಒಂದೇ ಸಲಕ್ಕೆ ಒಂದೂವರೆ ಗಂಟೆ ಮೀರಿ ಕೂರುವ ಹಾಗಿಲ್ಲ. ಐದು ನಿಮಿಷ ಮಾಫಿ, ಅದರಾಚೆ ತಂಡವೇ ಔಟು. ಕೊನೆಯವರೆಗೆ ಉಳಿದ ತಂಡಗಳಿಗೆಲ್ಲ ಸರ್ಟಿಫಿಕೇಟು, ಅದರಲ್ಲಿ 'ಚಾಲಕರು' ಎಂದು ಮೂವರ ಹೆಸರು. ನಾನು, ಹೊನ್ನಯ್ಯನವರು, ಅವರ ಜೊತೆ ಕೆಲಸ ಮಾಡುವ ಮನೋಹರ ಹೆಸರು ಕೊಟ್ಟೆವು.

"ಬಹುಮಾನ ಬಂದ್ರೆ ನೀವಿಬ್ರೇ ಇಟ್ಕೊಳಿ. ನಂಗೆ ಡ್ರೈವರ್ ಅಂತ ಬರ್ದಿರೋ ಆ ಕಾಗ್ದ ಸಾಕು," ಎಂದರು ಹೊನ್ನಯ್ಯನವರು. ರೇಸಿನ ಹಿಂದಿನ ದಿನವೇ ಮನೆಯ ಗೋಡೆಗೆ ಮೊಳೆ ಹೊಡೆದಿದ್ದರು.

ಅಭ್ಯಾಸಕ್ಕೆ ಅವರು ಕಾರ್ಖಾನೆಯ ಪದ್ಧತಿಯನ್ನೇ ತಂದರು. ಅಲ್ಲಿ ಶಿಫ್ಟ್ ಬದಲಾದರೂ ಮಿಷನ್ ನಿಲ್ಲುವುದಿಲ್ಲ. ಮುಂದಿನ ಪಾಳಿಯ ರಿಲೀವರ್ ಪಕ್ಕಕ್ಕೆ ಬಂದು "ಚಾರ್ಜ್ ತಗೊಂಡೆ" ಎಂದ ಮೇಲೇ ಮೊದಲಿನವನು ಕೈಬಿಡುವುದು. ಬೇರೆ ತಂಡದವರು ಕಾರು ನಿಲ್ಲಿಸಿ ಎದ್ದು ಜಾಗ ಬಿಟ್ಟುಕೊಟ್ಟರೆ, ನಾವು ಕುರ್ಚಿಯ ಬದಲು ಬೆಂಚು ಹಾಕಿಕೊಂಡು, ನೇರ ರಸ್ತೆ ಬಂದಾಗ ಒಬ್ಬರು ಸರಿದು ಇನ್ನೊಬ್ಬರು ಜರುಗುತ್ತಿದ್ದೆವು. ಕಾರು ಓಡುತ್ತಲೇ ಇರುತ್ತಿತ್ತು. ನಾನು ಆ ಮಾತು ಹೇಳಲು ಮರೆತರೆ ಮಾತ್ರ ಹೊನ್ನಯ್ಯನವರು ಜಪ್ಪಯ್ಯ ಅಂದರೂ ಸ್ಟೀರಿಂಗ್ ಬಿಡುತ್ತಿರಲಿಲ್ಲ. "ಪಕ್ಕದಲ್ಲೇ ಕೂತಿದೀನಲ್ಲ ಮಾರಾಯ್ರೇ, ಬಿಡಿ!" ಎಂದು ನಾನು ಎಷ್ಟು ಸಲ ರೇಗಿದ್ದೇನೋ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ರೇಸ್ ಶುರು. ಮೊದಲ ಪಾಳಿ ನನ್ನದು, ಎರಡನೆಯದು ಮನೋಹರನದು. ಹನ್ನೆರಡಕ್ಕೆ ಹೊನ್ನಯ್ಯನವರಿಗೆ ಕೊಟ್ಟು ಮನೋಹರ ಎರಡು ಗಂಟೆಯ ಶಿಫ್ಟಿಗೆ ಭದ್ರಾವತಿ ಬಸ್ ಹತ್ತಿದ. ಆಗ ನಾವು ಮೂರನೆಯ ಸ್ಥಾನದಲ್ಲಿದ್ದೆವು. ಒಂದೂವರೆಗೆ ಮತ್ತೆ ನಾನು ಕೂರಬೇಕಿತ್ತು. ಕಾಲೇಜು ಹುಡುಗರು ಜೋರು ಮಾಡಲು ಹೋಗಿ ಗೋಡೆಗೆ ಗುದ್ದಿದರು. ಹೊನ್ನಯ್ಯನವರು ಒಂದು ಗೀರೂ ಬೀಳಿಸದೆ, ಒಂದು ಗಂಟೆಯ ಹೊತ್ತಿಗೆ ಮೊದಲ ಸ್ಥಾನಕ್ಕೆ ಬಂದಿದ್ದರು. ನನಗೆ ಹೆಮ್ಮೆಯಿಂದ ಕೂರಲಾಗಲಿಲ್ಲ.

ಒಂದೂಕಾಲಿಗೆ ನೀರು ಕುಡಿಯಲು ಕೆಳಗಿಳಿದೆ. ಬಾಗಿಲ ಬಳಿಯ ಬೋರ್ಡಿನಲ್ಲಿ ನಮ್ಮ ತಂಡದ ಹೆಸರುಗಳಿದ್ದವು. ಚಾಲಕರು: ವೇದಾ, ಮನೋಹರ. ಕೆಳಗೆ, ಸಹಾಯಕ: ಹೊನ್ನಯ್ಯ. ಮೈಯೆಲ್ಲ ಉರಿದುಹೋಯಿತು.

"ಏನ್ರೀ, ಮೇಲೆ ಫಸ್ಟ್ ಓಡಿಸ್ತಿರೋರು ನಿಮ್ಮ ಕಣ್ಣಿಗೆ ಸಹಾಯಕರಾ?" ಎಂದು ಮೇಜಿನ ಹಿಂದಿದ್ದ ವ್ಯವಸ್ಥಾಪಕ ಶ್ರೀನಿವಾಸಮೂರ್ತಿಯನ್ನು ಹಿಡಿದುಕೊಂಡೆ.

"ವಯಸ್ಸಾದೋರು, ಸುಮ್ನೆ ಜೊತೆಗೆ ಬಂದಿದಾರೆ ಅಂದ್ಕೊಂಡೆ ಮೇಡಂ. ಆಮೇಲೆ ಸರಿ ಮಾಡ್ತೀನಿ."

ಅಷ್ಟಕ್ಕೇ ಬಿಡಬಹುದಿತ್ತು. ಬಿಡುವ ಜಾಯಮಾನ ನನ್ನದಲ್ಲ. ಈಗಲೇ ಅಳಿಸಬೇಕು, ನನ್ನೆದುರೇ ಬರೆಯಬೇಕು, ದೊಡ್ಡದಾಗಿ ಬರೆಯಬೇಕು ಎಂದು ಕೂಗಾಡಿದೆ. ಅವರು ಸೀಮೆಸುಣ್ಣ ಹುಡುಕಿದರು, ಬಟ್ಟೆ ಹುಡುಕಿದರು, ನಡುವೆ ಒಂದು ಫೋನೂ ಮುಗಿಸಿದರು. ಹೊನ್ನಯ್ಯ ಎಂದು ಚಾಲಕರ ಸಾಲಿಗೆ ಏರಿಸಿದಾಗ ಗಡಿಯಾರ ನೋಡಿದೆ. ಒಂದು ನಲವತ್ತು.

ಅಯ್ಯೋ ದೇವರೇ ಎಂದು ಮೆಟ್ಟಿಲು ಹತ್ತಿ ಓಡಿದೆ. ಅಂಪೈರ್ ಕೈಗಡಿಯಾರ ಹಿಡಿದು ಬೆಂಚಿನ ಪಕ್ಕ ನಿಂತಿದ್ದ. "ನಿಲ್ಸಿ ಎದ್ಬಿಡಿ ಅಂತ ನಾಲ್ಕು ಸಲ ಹೇಳ್ದೆ ಮೇಡಂ. ಕೇಳಲಿಲ್ಲ. ನಿಮ್ಮ ತಂಡ ಔಟು."

ಹೊನ್ನಯ್ಯನವರು ಪರದೆಯಿಂದ ಕಣ್ಣು ಕೀಳಲಿಲ್ಲ. "ರಿಲೀವರ್ ಬಂದಿಲ್ಲ ಸ್ವಾಮಿ. ಹೆಂಗ್ ಬಿಡ್ಲಿ?"

ಕಾರು ಆಗಲೂ ಎಲ್ಲರಿಗಿಂತ ಮುಂದೆಯೇ ಇತ್ತು. ನಿಲ್ಲಿಸಿ ಎದ್ದಿದ್ದರೆ ಅರ್ಧ ನಿಮಿಷ ಹೋಗುತ್ತಿತ್ತು, ಅಷ್ಟೆ. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಮಾಡದ ಕೆಲಸ ಅದು. ನಾನು ಅಳುತ್ತಲೇ ಬೆಂಚಿನ ಮೇಲೆ ಕೂತು "ಚಾರ್ಜ್ ತಗೊಂಡೆ" ಎಂದೆ. ಆಗ ಕೈಬಿಟ್ಟರು.

"ಮೂರನೇ ತಿರುವಲ್ಲಿ ಹಿಂದಿನ ಚಕ್ರ ಜಾರತ್ತೆ, ನೋಡ್ಕೊಳ್ಳಮ್ಮ."

ಮೂರನೇ ತಿರುವು ಬರುವ ಮೊದಲೇ ಅಂಪೈರ್ ಕಂಪ್ಯೂಟರ್ ಆರಿಸಿದ.

ಯಾಕೆ ತಡವಾಯಿತೆಂದು ಅವರು ಬಸ್ಸಿನಲ್ಲೂ ಕೇಳಲಿಲ್ಲ. ಕೇಳಿದ್ದರೂ ಆ ಬೋರ್ಡಿನ ವಿಷಯ ನನ್ನ ಬಾಯಿಂದ ಬರುತ್ತಿರಲಿಲ್ಲ.

ವಾರ ಬಿಟ್ಟು ಅವರ ಮನೆಗೆ ಹೋದೆ. ಗೋಡೆಯ ಮೊಳೆ ಖಾಲಿ ಇತ್ತು. ಅವರ ಹೆಂಡತಿ ಪ್ರೇಮಮ್ಮ ನನ್ನನ್ನು ಕೂರಿಸಿ ಶುರು ಮಾಡಿದರು. "ರಿಲೀವರ್ ಬರೋದು ತಡ ಆಯ್ತಂತೆ ಕಣಮ್ಮ. ಯಾರು ಅಂತ ಕೇಳಿದ್ರೆ ಬಾಯೇ ಬಿಡಲ್ಲ. ಆ ಮನೋಹರನೇ ಇರ್ಬೇಕು. ಇನ್ನೊಂದ್ಸಲ ಈ ಹೊಸ್ತಿಲು ತುಳೀಲಿ, ಮಾಡ್ತೀನಿ ಅವನಿಗೆ!"

"ಮನೋಹರ ಅಲ್ಲ ಪ್ರೇಮಕ್ಕ," ಎಂದೆ. "ನಾನು."

ಪ್ರೇಮಮ್ಮ ಗಂಡನ ಮುಖ ನೋಡಿದರು. ಹೊನ್ನಯ್ಯನವರು ಪೇಪರ್ ಮಡಚಿಟ್ಟರು.

"ಬಂದ್ಲಲ್ಲ. ಬಂದು ಚಾರ್ಜ್ ತಗೊಂಡ್ಲು," ಎಂದರು. "ಕಾಫಿ ಕೊಡು ಹೋಗು."